ಮೂವತ್ತನೇ ಕಲ್ಲು

೧೨ ಜೂನ್, ಬುಧವಾರ

ನನ್ನ ಜಗಳಗಂಟಿ ಸೊಸೆಗೆ,

ಈ ಕೆರೆಯ ಸುತ್ತ ತನ್ನಷ್ಟು ನೆಟ್ಟಗೆ ಗೋಡೆ ಎಬ್ಬಿಸುವ ಮೇಸ್ತ್ರಿ ಇನ್ನೊಬ್ಬನಿಲ್ಲ ಎಂದು ತಾನೇ ಸಾರಿಕೊಂಡು ತಿರುಗುವ ನಿನ್ನ ಸೋದರಮಾವ ಬರೆಯುತ್ತಿದ್ದೇನೆ. ಸೊಂಟನೋವು ಬಿಟ್ಟರೆ ಗಟ್ಟಿಮುಟ್ಟಾಗಿದ್ದೇನೆ. ಅಕ್ಕನ ಮಂಡಿ ಹೇಗಿದೆ? ನಿಮ್ಮ ಬಾಡಿಗೆ ಮನೆಯ ನಲವತ್ತನಾಲ್ಕು ಮೆಟ್ಟಿಲನ್ನು ಈಗಲೂ ಅರ್ಧಕ್ಕೊಮ್ಮೆ ಕೂತೇ ಹತ್ತುತ್ತಾಳಾ?

ಸೋಮವಾರ ಸಾಯಂಕಾಲವೇ ಬರೆಯಬೇಕಿತ್ತು, ಎರಡು ದಿನ ತಡವಾಯಿತು. ಪೆನ್ನು ಸಿಗಲಿಲ್ಲ ಎಂದು ಬರೆಯಬಹುದಿತ್ತು. ಪೆನ್ನು ಜೇಬಿನಲ್ಲೇ ಇತ್ತು. ಫೋನ್ ಮಾಡಿದರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಮಾತು ಬದಲಿಸುತ್ತೇನೆ. ಅದಕ್ಕೇ ಈ ಕಾಗದ.

ಅವತ್ತು ನಿನ್ನ ಮನೆ ಕಟ್ಟುವ ಅರ್ಜಿಯ ಪರವಾಗಿ ಕೆರೆ ಸಮಿತಿಯ ಮುಂದೆ ಹೋಗಿದ್ದೆ. ಇಸ್ತ್ರಿ ಮಾಡಿದ ಅಂಗಿ, ಎಣ್ಣೆ ಹಾಕಿ ಬಾಚಿದ ತಲೆ. ಬಾಗಿಲ ಜವಾನ ನನ್ನನ್ನು ವಕೀಲನೆಂದುಕೊಂಡು ಎದ್ದು ನಿಂತ. ನಾನೂ ತಿದ್ದಲು ಹೋಗಲಿಲ್ಲ. ಉದ್ದನೆಯ ಮೇಜು, ಹಿಂದೆ ಮೂವರು. ನಡುವೆ ಕೂತ ಅಧ್ಯಕ್ಷೆ ಕನ್ನಡಕದ ಮೇಲಿನಿಂದಲೇ ಜನರನ್ನು ನೋಡುವವಳು.

ನಿಮ್ಮ ನಿವೇಶನದ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಮೊದಲು ಎದ್ದ. "ಕೆರೆಯ ಗಡಿಕಲ್ಲಿನಿಂದ ಮೂವತ್ತು ಅಡಿಯೊಳಗೆ ಯಾರೂ ಕಟ್ಟಬಾರದು ಅಂತ ಕಾನೂನು. ಇವರಿಗೊಬ್ಬರಿಗೆ ವಿನಾಯಿತಿ ಯಾಕೆ?" ಅಂದ. ಅವನ ಕಿಟಕಿಗೆ ಕೆರೆ ಮರೆಯಾಗುತ್ತದೆ, ಅಷ್ಟೇ ಅವನ ಕಾನೂನು. ಆದರೆ ಲೆಕ್ಕ ಅವನ ಕಡೆಗೇ ಇತ್ತು. ರಸ್ತೆಯಿಂದ ಕಲ್ಲಿನವರೆಗೆ ನಿಮ್ಮ ನಿವೇಶನ ನಲವತ್ತೈದು ಅಡಿ. ಕೆರೆಗೆ ಮೂವತ್ತು, ರಸ್ತೆಗೆ ಹತ್ತು ಬಿಟ್ಟರೆ ಉಳಿಯುವುದು ಐದು ಅಡಿ. ಅದರಲ್ಲಿ ಅಕ್ಕ ಮಲಗಿದರೆ ಮಗ್ಗುಲು ಬದಲಿಸೋಕೂ ಅರ್ಜಿ ಹಾಕಬೇಕು. ಕಲ್ಲಿನಿಂದ ಹನ್ನೆರಡು ಅಡಿ ಬಿಟ್ಟು ಕಟ್ಟಲು ಬಿಡಿ ಎಂದು ನಾವು ಕೇಳಿರುವುದು ಅದಕ್ಕೇ.

ಆಗ ಕಚೇರಿಯ ನಕ್ಷೆಗಾರ ಎದ್ದ. ಸಣಕಲು ಮನುಷ್ಯ, ಮೆತ್ತನೆ ದನಿ. "ಮೇಡಂ, ಮಿಕ್ಕ ಇಪ್ಪತ್ತೊಂಬತ್ತು ಕಲ್ಲೂ ನೀರಿನ ಅಂಚಿಗೇ ಇವೆ. ಈ ಮೂವತ್ತನೆಯದು ಮಾತ್ರ ಹದಿನೆಂಟು ಅಡಿ ಮೇಲಕ್ಕೆ ಬಂದಿದೆ. ನೆಟ್ಟವರು ತಪ್ಪಿರಬಹುದು. ಹಾಗಿದ್ದರೆ ಇವರು ಕೇಳಿದ ಹನ್ನೆರಡೂ ಸೇರಿ ನೀರಿಗೆ ಮೂವತ್ತು ಅಡಿ ಆಗುತ್ತೆ, ವಿನಾಯಿತಿಗೆ ಅಡ್ಡಿಯಿಲ್ಲ."

ಅಧ್ಯಕ್ಷೆ ನನ್ನ ಕಡೆ ತಿರುಗಿದಳು. "ಇದನ್ನ ಯಾರು ನೆಟ್ಟಿದ್ದು, ಗೊತ್ತಾ ನಿಮಗೆ?"

ಕೇಳಿದ್ದಕ್ಕಷ್ಟೇ ಉತ್ತರ ಕೊಡಿ ಮಾವ ಎಂದು ನೀನು ಮೂರು ಸಲ ಹೇಳಿದ್ದೆ. ಕೊಟ್ಟೆ. "ನಾನೇ ನೆಟ್ಟಿದ್ದು ತಾಯಿ. ಮೂವತ್ತೂ ಕಲ್ಲು, ಒಂದೇ ದಿನ, ಒಬ್ಬನೇ."

"ತಪ್ಪಾಗಿರಬಹುದಾ?"

ಎದುರಿಗೆ ಮೇಷ್ಟ್ರು ಕಿಸಕ್ಕನೆ ನಕ್ಕ. ಅಷ್ಟೇ ಸಾಕಾಯಿತು. "ನನ್ನ ಕೈ ಕೂದಲೆಳೆಯಷ್ಟೂ ತಪ್ಪಲ್ಲ" ಅಂದೆ.

ಗುಮಾಸ್ತ ಅದನ್ನು ಅಕ್ಷರ ಬಿಡದೆ ಬರೆದುಕೊಂಡ. ನಕ್ಷೆಗಾರ ನಕ್ಷೆ ಸುತ್ತಿ ಕಂಕುಳಲ್ಲಿಟ್ಟುಕೊಂಡು ನನ್ನ ಮುಖ ನೋಡಿದ. ಮುಳುಗುವವನಿಗೆ ಹಗ್ಗ ಎಸೆದರೆ ಅದನ್ನೇ ಕುತ್ತಿಗೆಗೆ ಸುತ್ತಿಕೊಂಡವನನ್ನು ನೋಡಿದ ಹಾಗೆ. ತೀರ್ಮಾನ ಬರುವ ಸೋಮವಾರ, ಹನ್ನೊಂದು ಗಂಟೆಗೆ. ನನ್ನ ಮಾತು ಕಡತದಲ್ಲಿ ಹಾಗೇ ಇದ್ದರೆ ನಿನಗೆ ಮನೆಯಿಲ್ಲ.

ಈಗ ನಿಜ ಕೇಳು. ನನಗಾಗ ಇಪ್ಪತ್ತು ವರ್ಷ. ಒಂದೇ ದಿನದಲ್ಲಿ ಮೂವತ್ತೂ ನೆಡುತ್ತೇನೆ ಎಂದು ಕೆಲಸದವರ ಮುಂದೆಲ್ಲ ಪಂಥ ಕಟ್ಟಿದ್ದೆ. ಇಪ್ಪತ್ತೊಂಬತ್ತು ಮುಗಿಯಿತು. ಕೊನೆಯ ಕಲ್ಲು ಹೊತ್ತ ಗಾಡಿಯ ಚಕ್ರ ದಿಬ್ಬದ ಮೇಲೇ ಮುರಿಯಿತು. ಅಲ್ಲಿಂದ ನೀರಿಗೆ ಹದಿನೆಂಟು ಅಡಿ. ಕಲ್ಲು ನನಗಿಂತ ಭಾರ, ಹೊತ್ತು ಇಳಿಯುತ್ತಿತ್ತು. ಗಾಡಿ ನಿಂತಲ್ಲೇ ಗುಂಡಿ ತೋಡಿ ನಿಲ್ಲಿಸಿದೆ. ಅಲುಗಾಡದಿರಲಿ ಎಂದು ಮುರಿದ ಚಕ್ರದ ನಡುವಿನ ಗುಂಬಕ್ಕೆ ತೊಡಿಸಿದ್ದ ಕಬ್ಬಿಣದ ಬಳೆಯನ್ನೂ ಬುಡಕ್ಕೆ ಒತ್ತಿದೆ. ಗಾಡಿಯವನು ಗುರುತಿಗೆ ಮೂರು ಕಚ್ಚು ಹಾಕಿದ್ದ ಬಳೆ. ಪಂಥ ಗೆದ್ದೆ. ನಲವತ್ತು ವರ್ಷ ಅದನ್ನೇ ಹೇಳಿಕೊಂಡು ಮೀಸೆ ತಿರುವಿದೆ.

ಇವತ್ತು ಬೆಳಿಗ್ಗೆ ನಕ್ಷೆಗಾರನ ಎದುರು ಕೂತು ಇದನ್ನೆಲ್ಲ ಬರೆದುಕೊಟ್ಟು ಸಹಿ ಹಾಕಿದ್ದೇನೆ. ಅವನು ಓದಿ, "ಸಮಿತಿ ಒಂದು ಪ್ರಶ್ನೆ ಕೇಳುತ್ತೆ. ಮೊನ್ನೆ ಹೇಳಿದ್ದು ಸುಳ್ಳಾ, ಇದು ಸುಳ್ಳಾ ಅಂತ. ಸಾಕ್ಷಿ ಏನಾದರೂ ಇದೆಯಾ ಯಜಮಾನರೇ?" ಅಂದ. ಇದೆ ಅಂದೆ. ಆ ಗಾಡಿಯವನು ಇನ್ನೂ ಬದುಕಿದ್ದಾನೆ, ಸೋಮವಾರ ಬಂದು ಬಳೆಯ ಗುರುತು ಹಿಡಿಯಲು ಒಪ್ಪಿದ್ದಾನೆ. ನನ್ನನ್ನು ಬಾಯಿಬಡುಕ ಎಂದು ಎಲ್ಲರೆದುರು ಕರೆಯುವ ಅವಕಾಶ ಬಿಡುವುದಿಲ್ಲವಂತೆ.

ಬಳೆ ನಿನ್ನ ಹತ್ತಿರ ಇದೆ. ನಿಮ್ಮ ಪಡಸಾಲೆಯ ಮೂಲೆಯಲ್ಲಿ ಮಣ್ಣಿನ ಹೂಜಿ ಉರುಳದಂತೆ ಅದರ ಅಡಿಗೆ ಇಟ್ಟಿದ್ದೀರಲ್ಲ, ಅದೇ. ತಿರುಗಿಸಿ ನೋಡು, ಒಳಬದಿಯಲ್ಲಿ ಮೂರು ಕಚ್ಚು ಇವೆ. ರಜೆ ಹಾಕಿ ಅದನ್ನು ತೆಗೆದುಕೊಂಡು ಬಾ. ಹತ್ತೂವರೆಗೆಲ್ಲ ಕಚೇರಿ ಬಾಗಿಲಲ್ಲಿರು. ಬೈಯುವುದಿದ್ದರೆ ವಿಚಾರಣೆ ಮುಗಿದ ಮೇಲೆ ಬೈಯಿ, ನಿಂತು ಕೇಳಿಸಿಕೊಳ್ಳುತ್ತೇನೆ.

ಅಕ್ಕನಿಗೆ ನನ್ನ ನಮಸ್ಕಾರ. ನಿನ್ನ ಹೊಸ್ತಿಲು ಗಟ್ಟಿಯಾಗಿ ನಿಲ್ಲಲಿ, ಅದರೊಳಗೆ ನಿನ್ನ ನಗು ತುಂಬಿರಲಿ.

ನಿನ್ನ
ಮಾವ

ತಾ.ಕ.: ಆ ಬಳೆ ನಿಮ್ಮ ಮನೆಗೆ ಹೇಗೆ ಬಂತು ಎಂದು ನೀನು ಕೇಳೇ ಕೇಳುತ್ತೀಯ. ಹದಿನಾರು ವರ್ಷದ ಹಿಂದೆ ನಿಮ್ಮಪ್ಪನೂ ಇದೇ ಅರ್ಜಿ ಹಾಕಿದ್ದರು. ಅಳತೆಯ ದಿನ ಟೇಪಿನ ಇನ್ನೊಂದು ತುದಿ ಹಿಡಿದು ಕಲ್ಲಿನ ಪಕ್ಕ ನಿಂತಿದ್ದವನು ನಾನೇ. ಬಾಯಿ ಬಿಡಲಿಲ್ಲ. ಅರ್ಜಿ ಬಿದ್ದುಹೋಯಿತು. ಆಮೇಲೆ ಭಾವ ಬೇಲಿಗೆಂದು ಆ ಕಲ್ಲಿನ ಬುಡದಲ್ಲಿ ಅಗೆದಿರಬೇಕು. ಮುಂದಿನ ಸಲ ನಾನು ಬಂದಾಗ ಬಳೆ ಹೂಜಿಯ ಕೆಳಗಿತ್ತು. ನಾನು ಅದನ್ನು ನೋಡಿದೆ. ನಾನು ನೋಡಿದ್ದನ್ನು ಭಾವ ನೋಡಿದರು. ಹೂಜಿ ಬಗ್ಗಿಸಿ ಲೋಟ ತುಂಬಿ ನನ್ನ ಕೈಗೆ ಕೊಟ್ಟು, "ಕುಡಿಯಯ್ಯ, ದೂರದಿಂದ ಬಂದಿದ್ದೀಯ" ಅಂದರು. ಅವರು ಇದ್ದ ಅಷ್ಟೂ ವರ್ಷ, ನಾನು ಬಂದಾಗಲೆಲ್ಲ ಅದೇ ಹೂಜಿ, ಅದೇ ಮಾತು. ಒಂದು ಸಲವಾದರೂ ಕೇಳಿದ್ದರೆ ಹೇಳಿಬಿಡುತ್ತಿದ್ದೆ.