ಒಟಿಪಿ ನಿಮ್ಮ ನಂಬರಿಗೆ ಹೋಗಿದೆ

ಈ ಮನೆಯ ಎಲ್ಲ ಖಾತೆಗಳ ಯಜಮಾನರಾದ ನಿಮಗೆ,

ನಮಸ್ಕಾರ ಎಂದು ಬರೆಯಲು ಕೈ ಒಪ್ಪುತ್ತಿಲ್ಲ, ಅದಕ್ಕೇ ಬಿಟ್ಟಿದ್ದೇನೆ. ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾನು ಸಿಟ್ಟಿಗೆದ್ದರೆ ನೀವು ನಗುತ್ತೀರಿ, ನೀವು ನಕ್ಕರೆ ನಾನು ಅಳುತ್ತೇನೆ, ಕೊನೆಗೆ ಮಾತು ಅಲ್ಲೇ ಉಳಿದುಹೋಗುತ್ತದೆ. ಎದುರಿನ ಬಿಲ್ಡಿಂಗಿನ ಸ್ವಪ್ನಿಲ್ ನಾಳೆ ಕುರಕುಂಭಕ್ಕೆ, ನಿಮ್ಮ ಫ್ಯಾಕ್ಟರಿಯ ಕಡೆಗೇ, ಬರುತ್ತಾನಂತೆ. ನಿಮ್ಮ ಇಸ್ತ್ರಿ ಅಂಗಿಗಳ ಚೀಲದಲ್ಲಿ ಈ ಕಾಗದವನ್ನೂ ಇಟ್ಟಿದ್ದೇನೆ. ಅಂಗಿ ತೊಡುವ ಮೊದಲು ಓದಿ.

ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ನನ್ನ ಡೆಮೊ ಪಾಠ ಇತ್ತು. ನಿಮಗೆ ನೆನಪಿರಲಿಕ್ಕಿಲ್ಲ. ಭಾನುವಾರ ಹೇಳಿದಾಗ ನೀವು ಕ್ರಿಕೆಟ್ ನೋಡುತ್ತ "ಹೂಂ" ಅಂದಿದ್ದಿರಿ, ಆ ಹೂಂ ನನಗೋ ಆ ಬೌಲರಿಗೋ ಗೊತ್ತಾಗಲಿಲ್ಲ. ಆನ್‌ಲೈನ್ ಶಾಲೆ, ಗಣಿತದ ಟೀಚರ್, ಮನೆಯಲ್ಲೇ ಕೂತು ಮಾಡುವ ಕೆಲಸ. ಮಗಳು ಹುಟ್ಟಿದಾಗ ಬಿಟ್ಟ ಪಾಠವನ್ನು ಮತ್ತೆ ಹಿಡಿಯುತ್ತೇನೆಂದು ಎಷ್ಟು ಆಸೆ ಇತ್ತೋ ನನಗೊಬ್ಬಳಿಗೇ ಗೊತ್ತು. ಭಿನ್ನರಾಶಿ ಹೇಳಿಕೊಡಬೇಕಿತ್ತು. ಕಾಲು, ಅರ್ಧ, ಮುಕ್ಕಾಲು ತೋರಿಸಲಿಕ್ಕೆಂದು ನಿಮ್ಮ ಅವ್ವ ಬೆಳಿಗ್ಗೆಯೇ ದುಂಡಗೆ ಜೋಳದ ರೊಟ್ಟಿ ಬಡಿದುಕೊಟ್ಟಿದ್ದರು. ನಾನು ಇಳಕಲ್ ಸೀರೆ ಉಟ್ಟು, ರೊಟ್ಟಿಯ ತಾಟು ಮುಂದಿಟ್ಟುಕೊಂಡು ಹತ್ತೂವರೆಗೇ ಲ್ಯಾಪ್‌ಟಾಪ್ ಮುಂದೆ ಕೂತೆ.

ವೈಫೈ ಇತ್ತು, ಇಂಟರ್ನೆಟ್ ಇರಲಿಲ್ಲ. ಪರದೆಯ ಮೇಲೆ ಹಾಗೆಯೇ ಬರೆದಿತ್ತು. ನಿಮ್ಮ ರೌಟರಿನ ಒಂದು ದೀಪ ಹಸಿರು, ಇನ್ನೊಂದು ಕೆಂಪು.

ನೀವು ಹೇಳುವುದನ್ನೆಲ್ಲ ಮಾಡಿದೆ. ಬಂದ್ ಮಾಡಿದೆ, ಚಾಲೂ ಮಾಡಿದೆ. ವೈರು ಕಿತ್ತು, ಊದಿ, ಮತ್ತೆ ಸಿಕ್ಕಿಸಿದೆ. ಪಕ್ಕದ ಅನುಸೂಯಾ ಅವರ ಮನೆಗೆ ಓಡಿದೆ, ಬೀಗ ಇತ್ತು. ಮೊಬೈಲ್ ನೆಟ್ಟಿನಿಂದ ಮಾಡೋಣವೆಂದರೆ ನನ್ನ ಫೋನಿಗೆ ನೀವು ಹಾಕಿಸಿರುವುದು ಬರೀ ಮಾತಾಡುವ ಪ್ಯಾಕು. "ಮನ್ಯಾಗ ವೈಫೈ ಅದ, ನಿನಗ ನೆಟ್ ಯಾಕ ಬೇಕು?" ಎಂದಿದ್ದವರು ನೀವೇ. ನಿಮ್ಮ ಅವ್ವನದು ಗುಂಡಿ ಒತ್ತುವ ಫೋನು. ಕೊನೆಗೆ ತಲೆ ಕೆಟ್ಟು, ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ಬಿಚ್ಚಿ ರೌಟರಿನ ಹಿಂದಿನ ಸಣ್ಣ ತೂತಿಗೆ ಚುಚ್ಚಿದೆ. ಎಲ್ಲ ದೀಪ ಒಮ್ಮೆ ಆರಿ ಹತ್ತಿದವು. ಆಮೇಲೆ ಅದು ಯೂಸರ್‌ನೇಮ್ ಕೇಳಿತು, ಪಾಸ್‌ವರ್ಡ್ ಕೇಳಿತು. ಎರಡೂ ನಿಮ್ಮ ಫೋನಿನಲ್ಲಿವೆ. ನಿಮ್ಮ ಫೋನು ಫ್ಯಾಕ್ಟರಿಯ ಗೇಟಿನ ಲಾಕರಿನಲ್ಲಿದೆ. ಕೆಮಿಕಲ್ ಪ್ಲಾಂಟಿನೊಳಗೆ ಫೋನು ಒಯ್ಯುವಂತಿಲ್ಲ ಎಂಬುದು ನನಗೂ ಗೊತ್ತು, ಅದಕ್ಕೆ ನಾನು ಸಿಟ್ಟಾಗಿಲ್ಲ.

ಕಸ್ಟಮರ್ ಕೇರಿಗೆ ಫೋನ್ ಹಚ್ಚಿದೆ. ಹಾಡು ಕೇಳಿಸಿ ಕೇಳಿಸಿ ಕೊನೆಗೊಬ್ಬ ಮರಾಠಿ ಹುಡುಗಿ ಬಂದಳು. ಪಾಪ, ಒಳ್ಳೆಯ ದನಿ. ಮೊದಲ ಪ್ರಶ್ನೆಯೇ, "ಅಕೌಂಟ್ ಕೋಣಾಚ್ಯಾ ನಾವಾವರ ಆಹೆ?" ಅಕೌಂಟು ಯಾರ ಹೆಸರಿನಲ್ಲಿದೆ?

ನಾನು "ನಮ್ಮ ಮನೆಯವರದು" ಅಂದೆ. ಅವಳು ಹೆಸರು ಹೇಳಿ ಅಂದಳು. ನಾನು ಮನೆತನದ ಅಡ್ಡಹೆಸರು ಹೇಳಿದೆ. ಪೂರ್ತಿ ಹೆಸರು ಬೇಕು ಅಂದಳು. ನಿಮ್ಮ ಅವ್ವ ಅಡುಗೆಮನೆಯ ಹೊಸ್ತಿಲಲ್ಲಿ ಮೆಂತ್ಯಪಲ್ಲೆ ಸೋಸುತ್ತ, ಎಲೆ ಬಿಡಿಸುತ್ತ ಕೂತಿದ್ದರು. ಗಂಡನ ಹೆಸರು ಹೇಳಿದರೆ ಆಯುಷ್ಯ ಕಡಿಮೆಯಾಗುತ್ತದೆ ಎಂದು ನನ್ನ ಅಜ್ಜಿ ಹೇಳಿದ್ದು, ನನ್ನ ಅವ್ವ ಹೇಳಿದ್ದು, ಈ ಮನೆಗೆ ಬಂದ ದಿನ ಇವರೂ ಹೇಳಿದ್ದು. ನಾನು ಎಂ.ಎಸ್‌ಸಿ. ಓದಿದವಳು, ಇದನ್ನು ನಂಬುವವಳಲ್ಲ. ಆದರೆ ಡಿಗ್ರಿ ಬಂದದ್ದು ನನಗೆ, ನಾಲಿಗೆಗಲ್ಲ. ಮದುವೆಯಲ್ಲಿ ಒಡಪು ಕಟ್ಟಿ ಅದರೊಳಗೆ ನಿಮ್ಮ ಹೆಸರು ಹೇಳಿದ್ದೆ. ಈಗ ಕಸ್ಟಮರ್ ಕೇರಿನ ಹುಡುಗಿಗೆ ಒಡಪು ಹೇಳುತ್ತ ಕೂರಲೇ? ಇಂಗ್ಲಿಷ್ ಅಕ್ಷರ ಒಂದೊಂದಾಗಿ ಹೇಳಿದರೆ ಹೆಸರು ಹೇಳಿದಂತಾಗುವುದಿಲ್ಲ ಎಂದು ಎಂ, ಎ, ಎಚ್ ಎಂದು ಶುರು ಮಾಡಿದೆ. ಅವಳಿಗೆ ಎಂ ಅಂದದ್ದು ಎನ್ ಆಗಿ ಕೇಳಿತು. ಮತ್ತೆ ಮೊದಲಿನಿಂದ ಹೇಳುವಷ್ಟರಲ್ಲಿ ಲೈನು ಕಡಿಯಿತು.

ಮತ್ತೆ ಹಚ್ಚಿದೆ. ಮತ್ತೆ ಅದೇ ಹಾಡು. ಈ ಸಲ ಬೇರೆ ಹುಡುಗಿ, ಪ್ರಶ್ನೆ ಅದೇ. ಹನ್ನೊಂದಾಗುತ್ತ ಬಂದಿತ್ತು. ಬಾಯಿ ತೆರೆದು "ಮಹಾಂತೇಶ" ಅಂದೆ. ಮೆಲ್ಲಗೆ ಅಂದೆ. ಅವಳು "ಹಲೋ? ಹಲೋ?" ಅಂದಳು.

ಆಗ ಹೊಸ್ತಿಲಿಂದ ನಿಮ್ಮ ಅವ್ವ ಅಂದರು, "ಗಟ್ಟ್ಯಾಗಿ ಹೇಳ ಶೈಲವ್ವಾ, ಅಕಿಗೆ ಕೇಳವಲ್ದು."

ನಾನು ತಿರುಗಿ ನೋಡಿದೆ. ಅವರು ಪಲ್ಲೆಯಿಂದ ತಲೆ ಎತ್ತಲಿಲ್ಲ. "ನಿಮ್ಮ ಮಾವನ್ನ ದವಾಖಾನಿಗೆ ಒಯ್ದಾಗ ಕೌಂಟರಿನ್ಯಾಗ ಹೆಸರು ಕೇಳಿದ್ರು. ನಾ ಬಾಯಿ ತಗೀಲಿಲ್ಲ. ನಮ್ಮ ಮಾಂತು ಬಂದು ಹೇಳೂತನಕಾ ಕುಂತಿದ್ದೆ. ಹೇಳದಿದ್ರ ಉಳೀತಾರಂತ ಮಾಡಿದ್ದೆ ನಾ. ಹೇಳವ್ವಾ, ಗಟ್ಟ್ಯಾಗಿ ಹೇಳ." ಇದನ್ನು ಅವರು ನಿಮಗೆ ಎಂದಾದರೂ ಹೇಳಿದ್ದಾರೋ ಇಲ್ಲವೋ ನನಗೆ ಗೊತ್ತಿಲ್ಲ.

ಇಡೀ ಸೊಸಾಯಿಟಿಗೆ ಕೇಳುವಂತೆ ನಿಮ್ಮ ಹೆಸರು ಕೂಗಿದೆ. ತಂದೆಯ ಹೆಸರು, ಅಡ್ಡಹೆಸರು ಎಲ್ಲ ಸೇರಿಸಿ ಕೂಗಿದೆ. ಹುಡುಗಿ ಖಾತೆ ಹುಡುಕಿ ಹೇಳಿದಳು: ರೌಟರಿನಲ್ಲಿ ಏನೂ ಕೆಟ್ಟಿಲ್ಲ, ಖಾತೆಯನ್ನು ಮತ್ತೊಮ್ಮೆ ಖಾತ್ರಿಪಡಿಸಿ ಎಂದು ಕಂಪನಿ ಮೇಲಿಂದ ಮೇಲೆ ಮೆಸೇಜು ಕಳಿಸಿದೆ, ಯಾರೂ ಉತ್ತರ ಕೊಡದ್ದಕ್ಕೆ ನಿಲ್ಲಿಸಿದ್ದಾರೆ. ಈಗಲೇ ಚಾಲೂ ಮಾಡುತ್ತೇನೆ ಮ್ಯಾಡಮ್, ಒಟಿಪಿ ಹೇಳಿ.

ಒಟಿಪಿ ನಿಮ್ಮ ನಂಬರಿಗೆ ಹೋಗಿದೆ.

ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನುತ್ತಾರಲ್ಲ, ಆ ಪೂಜಾರಿ ಕುರಕುಂಭದ ಲಾಕರಿನಲ್ಲಿ ಮಲಗಿದ್ದ. ನಾನು ಈ ಮನೆಯ ಹೆಂಡತಿ, ರೌಟರು ನನ್ನ ಕಣ್ಣ ಮುಂದಿದೆ, ಅದರ ಧೂಳು ದಿನಾ ಒರೆಸುವವಳು ನಾನೇ ಎಂದೆಲ್ಲ ಅವಳಿಗೆ ಹೇಳಿದೆ. ಅವಳು "ಸಾರಿ ಮ್ಯಾಡಮ್" ಅಂದಳು. ಅವಳದೇನು ತಪ್ಪು? ಗ್ಯಾಸು ನಿಮ್ಮ ನಂಬರಿಗೆ, ಕರೆಂಟು ನಿಮ್ಮ ನಂಬರಿಗೆ, ಮಗಳ ಶಾಲೆಯ ಮೆಸೇಜು ನಿಮ್ಮ ನಂಬರಿಗೆ. ಸಿಲಿಂಡರ್ ತಂದವನು ಬಾಗಿಲಲ್ಲಿ ನಿಂತು ಕೋಡ್ ಕೇಳಿದರೆ ನಾನು ನಿಮಗಾಗಿ ಕಾಯಬೇಕು. ವಾರದಲ್ಲಿ ಆರು ದಿನ ಈ ಮನೆಯಲ್ಲಿ ನೀವಿಲ್ಲ, ಆದರೂ ನಿಮ್ಮನ್ನು ಕೇಳದೆ ಇಲ್ಲಿ ಒಲೆಯೂ ಹೊತ್ತುವುದಿಲ್ಲ. ಇದನ್ನು ನೀವು ಬೇಕೆಂದು ಮಾಡಿದ್ದಲ್ಲ, ಗೊತ್ತು. ಬೇಕೆಂದು ಮಾಡಿದ್ದರೆ ಒಂದು ಸಲ ಜಗಳಾಡಿ ಮುಗಿಸಬಹುದಿತ್ತು. ನಿಮಗೆ ಅದು ಹೊಳೆದೇ ಇಲ್ಲವಲ್ಲ, ಅದಕ್ಕೆ ನನಗೆ ಮೈ ಉರಿಯುತ್ತದೆ.

ಶಾಲೆಯವರಿಗೆ ಫೋನ್ ಮಾಡಿ ಕೈಕಾಲು ಹಿಡಿದುಕೊಂಡೆ. ಸಂಜೆ ತಿಳಿಸುತ್ತೇವೆ ಅಂದರು, ತಿಳಿಸಿದರು. ಮನೆಯಲ್ಲಿ ಭರವಸೆಯ ಇಂಟರ್ನೆಟ್ ಇರುವವರನ್ನೇ ತೆಗೆದುಕೊಂಡಿದ್ದಾರಂತೆ. ರೊಟ್ಟಿಯನ್ನು ಮಧ್ಯಾಹ್ನ ನಾನೂ ನಿಮ್ಮ ಅವ್ವನೂ ತಿಂದೆವು.

ಸಂಜೆ ನೀವು ಫೋನ್ ಮಾಡಿದಿರಿ. ಒಟಿಪಿ ಓದಿ ಹೇಳಿದಿರಿ, ಅದರ ಅವಧಿ ಮುಗಿದು ಎಷ್ಟೋ ಹೊತ್ತಾಗಿತ್ತು. ನಾನು ಅಳುತ್ತಿದ್ದೆ. ಆಗ ನೀವು ಅಂದದ್ದನ್ನು ಇಲ್ಲಿ ಬರೆಯುತ್ತೇನೆ, ನಿಮ್ಮ ಮಾತು ನಿಮಗೂ ಒಮ್ಮೆ ಕಾಣಲಿ: "ಮನ್ಯಾಗ ಕುಂತಾಕಿಗೆ ಅಷ್ಟೇನ್ ಅರ್ಜೆಂಟ್ ಇತ್ತು? ಒಂದ್ಸಲ ಬಂದ್ ಮಾಡಿ ಚಾಲೂ ಮಾಡಿದ್ರ ಆಗಿಬಿಡ್ತಿತ್ತು." ಆಮೇಲೆ ನಕ್ಕಿರಿ. ಆ ನಗುವನ್ನು ನಾನು ಕ್ಷಮಿಸಿಲ್ಲ. ಮುಂದೆ ಕ್ಷಮಿಸಬಹುದು, ಇವತ್ತು ಇಲ್ಲ.

ಇನ್ನು ಸುದ್ದಿ ಕೇಳಿ. ನಿಮ್ಮ ರೌಟರನ್ನು ಬಿಚ್ಚಿ ಅಟ್ಟದ ಮೇಲಿಟ್ಟಿದ್ದೇನೆ. ನಿನ್ನೆ ಬೇರೆ ಕಂಪನಿಯವನು ಬಂದು ಹೊಸದು ಹಾಕಿಹೋದ. ನನ್ನ ಆಧಾರ್, ನನ್ನ ನಂಬರು. ಹೆಸರು ಕೇಳಿದ, ಹೇಳಿದೆ. ಒಟಿಪಿ ನನ್ನ ಕೈಯಲ್ಲಿದ್ದ ಫೋನಿಗೇ ಟಿಣ್ ಎಂದು ಬಂತು. ಇನ್ನೆರಡು ಶಾಲೆಗಳಿಗೆ ಅರ್ಜಿ ಹಾಕಿದ್ದೇನೆ. ಸಿಗುತ್ತದೋ ಇಲ್ಲವೋ, ನೋಡೋಣ.

ಶನಿವಾರ ನೀವು ಬಂದ ಕೂಡಲೇ ಫೋನು ಹಿಡಿದು ಪಾಸ್‌ವರ್ಡ್ ಕೇಳುತ್ತೀರಿ. ಕೊಡುತ್ತೇನೆ, ನಾನೇನು ಶತ್ರುವಲ್ಲ. ಆದರೆ "ಏ, ಇಲ್ನೋಡ" ಎಂದು ಕೂಗಿದರೆ ನನಗೆ ಕೇಳಿಸುವುದಿಲ್ಲ. ನಿಮ್ಮ ಆಯುಷ್ಯ ಕಡಿಮೆಯಾದೀತೆಂದು ನಾನು ಇಷ್ಟು ವರ್ಷ ನಿಮ್ಮ ಹೆಸರು ಹೇಳಲಿಲ್ಲ. ನೀವು ನನ್ನ ಹೆಸರು ಹಿಡಿದು ಒಂದು ಸಲವೂ ಕರೆದಿಲ್ಲ. ನಿಮಗೆ ಯಾರು ಅಡ್ಡ ಬಂದಿದ್ದರು?

ಪ್ಲಾಂಟಿನಲ್ಲಿ ಮಾಸ್ಕ್ ತೆಗೆಯಬೇಡಿ, ಕೆಮ್ಮು ಇನ್ನೂ ಹೋಗಿಲ್ಲ. ದೇವರು ನಿಮಗೆ ನೂರು ವರ್ಷ ಆಯುಷ್ಯ ಕೊಡಲಿ, ಮಹಾಂತೇಶ.

ಇಂತಿ,
ಶೈಲಾ