ಮೂಲೆಯ ಎಲೆ ಯಾರಿಗೆ

ಬೆಟ್ಟದೂರು
ಕ್ರಿ.ಶ. ೨೧೭೧, ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ
(ನಿಮ್ಮ ಯಾವ ಪಂಚಾಂಗದಲ್ಲೂ ಇನ್ನೂ ಅಚ್ಚಾಗದ ದಿನ)

ಸುಚೇತಜ್ಜಿಗೆ ಮಾದೇವಿ ಮಾಡುವ ನಮಸ್ಕಾರಗಳು.

ಅಜ್ಜಿ ಎಂದದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ನಿಮಗಿನ್ನೂ ಮದುವೆಯೂ ಆಗಿಲ್ಲ ಎಂಬುದು ನನಗೆ ಗೊತ್ತು. ನಾನು ನೋಡಿರುವ ಚಿತ್ರದಲ್ಲಿ ನೀವು ತಲೆಗೆ ಎಣ್ಣೆ ಹಾಕಿಸಿಕೊಳ್ಳಲು ಒಲ್ಲೆ ಎಂದು ಓಡುವ ಹುಡುಗಿ, ನಾನು ಐವತ್ತು ದಾಟಿದ ಹೆಂಗಸು. ಆದರೂ ನೀವು ನಮ್ಮಜ್ಜಿಯ ಅಜ್ಜಿ, ಅದಕ್ಕೆ ನಾನೇನು ಮಾಡಲಿ. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ನಮ್ಮ ಕಾಲದ ಕನ್ನಡ ನಿಮಗೆ ಅರ್ಥವಾಗಲಾರದೆಂದು ನಿಮ್ಮ ಧ್ವನಿ ಕೇಳಿ ಕೇಳಿ ಕಲಿತ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಕೊಳ್ಳೇಗಾಲದ ಬಯಲಿನಲ್ಲಿ ಈಗ ಬೇಸಿಗೆ ಕಳೆಯಲಾಗುವುದಿಲ್ಲ. ನಮ್ಮ ಹಿಂದಿನವರು ಬೆಟ್ಟದ ಬುಡಕ್ಕೆ ಬಂದು ಈ ಊರು ಕಟ್ಟಿದರು. ಬೀದಿಗಳಿಗೆಲ್ಲ ಮೇಲೆ ಮುಚ್ಚಿಗೆ ಇದೆ, ನೆರಳುಬೀದಿ ಎನ್ನುತ್ತೇವೆ. ಸೂರ್ಯ ಏರುವ ಮುಂಚಿನ ತಂಪುಹೊತ್ತಿನಲ್ಲಿ ಹೊಲದ ಕೆಲಸ, ಮದುವೆ, ಜಗಳ ಎಲ್ಲವೂ ಮುಗಿಯಬೇಕು. ಮಧ್ಯಾಹ್ನ ಜಗಳವಾಡಲು ಯಾರಿಗೂ ತ್ರಾಣ ಇರುವುದಿಲ್ಲ. ರಾಗಿಮುದ್ದೆ ಮಾತ್ರ ನಮ್ಮನ್ನು ಬಿಟ್ಟಿಲ್ಲ, ನಾವೂ ಅದನ್ನು ಬಿಟ್ಟಿಲ್ಲ. ಪ್ರತಿ ಮನೆಯ ಗೋಡೆಗೂಡಿನಲ್ಲಿ ತೆಂಗಿನಕಾಯಿಯಷ್ಟು ದೊಡ್ಡ ಒಂದು ಸಾಧನ ಇರುತ್ತದೆ. ಅದರ ಹೆಸರು ದನಿಗೂಡು. ಮನೆಯ ಹಿರಿಯರು ಆಡಿದ ಮಾತು, ನಕ್ಕ ನಗು, ಹೇಳಿದ ಕಥೆ ಎಲ್ಲವೂ ಅದರೊಳಗೆ. ಬೆಳಿಗ್ಗೆ ದೇವರಿಗೆ ಹಚ್ಚಿದ ದೀಪವನ್ನೇ ಅದಕ್ಕೂ ತೋರಿಸುತ್ತೇವೆ. ನಮ್ಮ ದನಿಗೂಡಿನ ಅತ್ಯಂತ ಹಳೆಯ ದನಿ ನಿಮ್ಮದು. ಹಿರಿಯರ ಹಬ್ಬದ ದಿನ ನೀವು ಫೋನು ಹಿಡಿದು ಮಾಡಿದ ಆ ವಿಡಿಯೋದಿಂದಲೇ ನಮ್ಮ ಮನೆಯ ಕಥೆ ಶುರುವಾಗುತ್ತದೆ.

ನೀವು ಹಾಕಿಕೊಟ್ಟ ಪದ್ಧತಿಯನ್ನು ನಾವು ಮುರಿದಿಲ್ಲ. ಕಳಶಕ್ಕೆ ಹೊಸ ಸೀರೆ, ಪಂಚೆ ಉಡಿಸಿ, ತೀರಿಕೊಂಡ ಒಬ್ಬೊಬ್ಬರಿಗೂ ಒಂದೊಂದು ಎಲೆ ಹಾಕಿ, ಅವರವರಿಗೆ ಇಷ್ಟವಾದದ್ದನ್ನು ಎಡೆಯಿಟ್ಟು, ಧೂಪ ಹಾಕಿ ಬಾಗಿಲು ಮುಚ್ಚುತ್ತೇವೆ. ಹಿರಿಯರು ಬಂದು ಉಣ್ಣುವವರೆಗೆ ಎಲ್ಲರೂ ಹೊರಗೆ ಜಗಲಿಯ ಮೇಲೆ. ಆಗ ಒಂದೊಂದು ಎಲೆಯವರ ಬಗ್ಗೆ ಒಬ್ಬೊಬ್ಬರು ಹೇಳಬೇಕು, ಮನೆಯ ಕಿರಿಯ ಹೆಣ್ಣುಮಗಳು ದನಿಗೂಡನ್ನು ಹೊರಗೆ ತಂದು, ಕೈಯಲ್ಲಿ ಹಿಡಿದು, ಅದನ್ನೆಲ್ಲ ಅದಕ್ಕೆ ತುಂಬಿಸಬೇಕು. ನಿಮ್ಮ ತಾತ ಬೀಡಿ ಕಟ್ಟು ಮರೆತರೆ ಎಡೆ ಮುಟ್ಟುವುದಿಲ್ಲ ಎಂಬ ಕಥೆಗೆ ನಮ್ಮ ಮಕ್ಕಳು ಈಗಲೂ ನಗುತ್ತಾರೆ. ಬೀಡಿ ಎಂದರೇನೆಂದು ಅವರಿಗೆ ಗೊತ್ತಿಲ್ಲ, ಎಲೆ ಸುರುಳಿ ಸುತ್ತಿ ಇಡುತ್ತೇವೆ.

ಈಗ ಮೂಲೆಯ ಎಲೆಯ ವಿಷಯ. ನಿಮ್ಮ ವಿಡಿಯೋದಲ್ಲಿ ಎಲ್ಲ ಎಲೆಗಳ ಮೇಲೂ ಮುದ್ದೆ, ಕೋಳಿಸಾರು, ವಡೆ. ಮೂಲೆಯ ಒಂದು ಎಲೆಯ ಮೇಲೆ ಮಾತ್ರ ಬಿಳಿ ಅನ್ನ, ಬೆಳ್ಳುಳ್ಳಿ ಹಾಕಿದ ಮೆಣಸಿನ ಸಾರು. ಅದು ಯಾರಿಗೆಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದಿದ್ದರೆ ಸುಮ್ಮನಿರುವ ಜನವೇ ನಾವು? ಅವಳೊಬ್ಬಳು ವ್ರತ ಹಿಡಿದ ಪುಣ್ಯವಂತೆ, ಮಾಂಸ ಮುಟ್ಟದವಳು, ಬಸುರಿಯರನ್ನು ಕಾಯುವವಳು ಎಂದು ಯಾರೋ ಹೇಳಿದರು, ಮುಂದಿನವರು ಅದಕ್ಕೆ ಬಣ್ಣ ಹಚ್ಚಿದರು. ಆ ಎಲೆಯ ಅನ್ನವನ್ನು ಮನೆಯ ಬಸುರಿಗೆ ಪ್ರಸಾದವೆಂದು ಉಣಿಸುವುದು ಪದ್ಧತಿಯಾಯಿತು. ನನ್ನ ಅಕ್ಕ ಇಳಾ ಬಸುರಿಯಾಗಿದ್ದಾಗಲೂ ಉಣಿಸಿದೆವು. ಸಪ್ಪೆ ಎಂದು ಮೂತಿ ತಿರುಗಿಸಿ, ನಗುತ್ತಲೇ ಉಂಡಳು.

ಹೆರಿಗೆಯಾದ ಮೇಲೆ ಇಳಾ ನಗಲಿಲ್ಲ. ನಿದ್ದೆ ಮಾಡಲಿಲ್ಲ. ಮಗುವನ್ನು ಮಡಿಲಿಗೆ ಹಾಕಿದರೆ ಯಾರ ಮಗುವೋ ಎಂಬಂತೆ ನೋಡುತ್ತಿದ್ದಳು. ದಿನವಿಡೀ ಗೋಡೆಯ ಕಡೆ ಮುಖ ಮಾಡಿ ಕೂರುತ್ತಿದ್ದಳು. ವೈದ್ಯೆ ಮನೆಗೆ ಬಂದು, ನಿಮ್ಮ ಮನೆತನದಲ್ಲಿ ಹಿಂದೆ ಯಾರಿಗಾದರೂ ಬಾಣಂತನದಲ್ಲಿ ಹೀಗಾಗಿತ್ತೇ ಎಂದು ಕೇಳಿದರು. ನಮ್ಮವ್ವ ದನಿಗೂಡನ್ನು ತೋರಿಸಿ, ಐದು ತಲೆಮಾರಿನ ಕಥೆ ಇದರಲ್ಲಿದೆ, ಅಂಥದ್ದು ನಮ್ಮಲ್ಲಿ ಇಲ್ಲವೇ ಇಲ್ಲ ಎಂದು ಹೆಮ್ಮೆಯಿಂದ ಹೇಳಿದಳು. ಸುಳ್ಳು ಹೇಳಲಿಲ್ಲ, ಪಾಪ, ಅವಳಿಗೆ ತಿಳಿದದ್ದೇ ಅಷ್ಟು. ಅಂಥ ಕಾಯಿಲೆಗೆ ನಮ್ಮ ಕಾಲದಲ್ಲಿ ಮದ್ದಿದೆ. ಆದರೆ ಅವ್ವನ ಮಾತು ನಂಬಿದ ವೈದ್ಯೆ, ಆಯಾಸವಿರಬೇಕು, ನೋಡೋಣ ಎಂದು ಹೋದರು. ಅವರು ಮತ್ತೆ ಬರುವ ಮೊದಲೇ ಇಳಾ ಕೆರೆಯ ಕಡೆ ಹೋದಳು, ತಿರುಗಿ ಬರಲಿಲ್ಲ. ದನಿಗೂಡಿಗೆ ನಾವು ಹೇಳಿದ್ದು, ಕಾಲು ಜಾರಿತು ಎಂದು.

ಅವಳ ನಗು ಕೇಳಬೇಕೆನಿಸಿ ಒಮ್ಮೆ ದನಿಗೂಡನ್ನು ತಡಕುತ್ತಿದ್ದೆ. ಹಬ್ಬಕ್ಕೆ ನಾವು ಕೇಳುವುದು ಯಾರೋ ಕತ್ತರಿಸಿ ಒಪ್ಪ ಮಾಡಿದ ವಿಡಿಯೋ ಎಂದೂ, ನೀವು ಹಿಡಿದ ಮೂಲ ಅದರ ತಳದಲ್ಲೇ ಇದೆಯೆಂದೂ ಆಗ ತಿಳಿಯಿತು. ಅದರಲ್ಲಿ ನೀವು ಕೇಳುತ್ತೀರಿ, "ಅಜ್ಜಿ, ಆ ಮೂಲೇಲಿರದು ಯಾರ್ಗೆ?" ನಿಮ್ಮಜ್ಜಿ ದೇವೀರಮ್ಮ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ ಹೇಳುತ್ತಾರೆ, "ಅದು ನಮ್ಮಕ್ಕುಂದು ಕಣವ್ವ. ಮಗ ಹುಟ್ಟಿ ತಿಂಗ್ಳಾಗಿತ್ತು. ಗ್ವಾಡೆ ಕಡ್ಕೇ ಮೊಕ ಮಾಡ್ಕಂಡು ಕುಂತ್ಕಬುಡೋಳು..." ಅಷ್ಟರಲ್ಲಿ ನಿಮ್ಮ ದೊಡ್ಡಪ್ಪ ಶಿವನಂಜು ಅವರ ದನಿ, "ಹಬ್ಬದ್ ದಿಸ ಅದೆಲ್ಲ ಯಾಕವ್ವ? ಏ ಸುಚಿ, ಆಫ್ ಮಾಡು ಅದ." ಚಿತ್ರ ನಿಲ್ಲುತ್ತದೆ. ಮುಂದಿನದರಲ್ಲಿ ಎಲ್ಲರೂ ವಡೆಗಾಗಿ ಕಿತ್ತಾಡುತ್ತಾ ನಗುತ್ತಿದ್ದೀರಿ. ಅದು ವ್ರತದ ಊಟವಲ್ಲ, ಬಾಣಂತಿಯ ಪಥ್ಯದ ಊಟ ಎಂದು ನನಗೆ ಆಗ ಹೊಳೆಯಿತು. ಮನೆಯ ಬಸುರಿಯರಿಗೆಲ್ಲ ನಾವು ಉಣಿಸುತ್ತಾ ಬಂದದ್ದು ಆ ಸಂಕಟದ ಅನ್ನವನ್ನು, ಅದರ ಕಥೆಯೊಂದನ್ನು ಬಿಟ್ಟು.

ನಿಮ್ಮ ಮೇಲೆ ನನಗೆ ಸಿಟ್ಟಿತ್ತು ಅಜ್ಜಿ. ಹಿರಿಯರು ಹೇಳಿದ ಕೂಡಲೇ ಆಫ್ ಮಾಡಬೇಕಿತ್ತೇ ಎಂದು ಎಷ್ಟೋ ಸಲ ಬೈದುಕೊಂಡಿದ್ದೇನೆ. ಈಗ ಬೈಯುವ ಧೈರ್ಯವಿಲ್ಲ, ಏಕೆಂದರೆ ಸರದಿ ನನಗೆ ಬಂದಿದೆ. ಇಳಾಳ ಆ ಕೂಸು ನೇಸರಳನ್ನು ಸಾಕಿದವಳು ನಾನು. ಚಿಕ್ಕವ್ವ, ಚಿಕ್ಕವ್ವ ಎಂದು ನನ್ನ ಸೆರಗು ಹಿಡಿದೇ ಬೆಳೆದಳು. ಅವಳಿಗೀಗ ತುಂಬು ಬಸುರು. ತಾಯಿ ಕಾಲು ಜಾರಿ ಹೋದಳೆಂದೇ ನಂಬಿದ್ದಾಳೆ. ಮೊನ್ನೆ ವೈದ್ಯೆ ಅದೇ ಪ್ರಶ್ನೆ ಕೇಳಿದರಂತೆ. ಅವಳೂ ನಮ್ಮವ್ವನ ಹಾಗೆಯೇ, ನಮ್ಮಲ್ಲಿ ಅಂಥದ್ದೇನೂ ಇಲ್ಲ, ಎಲ್ಲರ ಕಥೆಯೂ ನಮ್ಮಲ್ಲಿದೆ ಎಂದು ಹೇಳಿ ಬಂದಿದ್ದಾಳೆ. ಬಂದು ನನಗೂ ಹೇಳಿದಳು, ನಗುತ್ತಾ. 

ನಾಳೆ ಇಳಾಳ ಎಲೆಯ ಕಥೆ ಹೇಳುವ ಸರದಿ ನನ್ನದು. ನಿಜ ಹೇಳುತ್ತೇನೆಂದು ತಮ್ಮನಿಗೆ ತಿಳಿಸಿದೆ. "ಬಸುರಿ ಮುಂದೆ, ಅದೂ ಹಬ್ಬದ ದಿನ, ಬೇಡ ಅಕ್ಕ. ಹೆದರ್ಕತಳೆ," ಎಂದ. ಅವನು ಕೆಟ್ಟವನಲ್ಲ, ಶಿವನಂಜು ಅವರೂ ಕೆಟ್ಟವರಾಗಿರಲಿಕ್ಕಿಲ್ಲ. ಹೆದರುತ್ತಾಳೆ ಎಂಬುದು ನನಗೂ ಗೊತ್ತು. ಹೆದರಿದರೆ ಪಕ್ಕದಲ್ಲಿ ಕೂರುತ್ತೇನೆ, ಬೆಳಗಾದರೆ ವೈದ್ಯೆಯ ಬಳಿ ಕರೆದೊಯ್ಯುತ್ತೇನೆ. ಗೋಡೆಯ ಕಡೆ ಮುಖ ಮಾಡಿದ ಮೇಲೆ ಹೇಳಲು ಹೋದರೆ ಯಾರು ಕೇಳುತ್ತಾರೆ?

ಈ ಓಲೆ ನಿಮಗೆ ಮುಟ್ಟುತ್ತದೋ ಇಲ್ಲವೋ ತಿಳಿಯದು. ಕಾಣದವರು ಬಂದು ಉಣ್ಣುತ್ತಾರೆಂದು ಎಡೆಯಿಟ್ಟು ಬಾಗಿಲು ಮುಚ್ಚುವವರು ನಾವು, ಅದೇ ನಂಬಿಕೆಯಲ್ಲಿ ಇದನ್ನೂ ಇಡುತ್ತಿದ್ದೇನೆ. ಮುಟ್ಟಿದರೆ ಒಂದು ಕೆಲಸ ಮಾಡಿಕೊಡಿ. ಹಬ್ಬದ ಗಲಾಟೆಯಲ್ಲಿ ಬೇಡ, ಪಾತ್ರೆ ತೊಳೆಯುವಾಗಲೋ ಎಲೆ ಎತ್ತುವಾಗಲೋ ದೇವೀರಮ್ಮನವರ ಪಕ್ಕ ಕುಳಿತು ಅವರ ಅಕ್ಕನ ವಿಷಯ ಕೇಳಿ. ಅವಳಿಗೆ ಏನು ಇಷ್ಟವಿತ್ತು, ಯಾರು ಅವಳ ಜೊತೆ ಕುಳಿತರು, ಮಗುವನ್ನು ಯಾರು ಸಾಕಿದರು, ಎಲ್ಲವನ್ನೂ ಕೇಳಿ. ಅವರು ಅತ್ತರೆ ಅಳಲಿ. ಫೋನು ಇಳಿಸಬೇಡಿ.

ನಾಳೆ ಬಾಗಿಲು ಮುಚ್ಚಿದ ಮೇಲೆ ನಾನು ಬಾಯಿ ತೆರೆಯುತ್ತೇನೆ. ತಮ್ಮ ಸಾಕು, ನಿಲ್ಲಿಸು ಎನ್ನುತ್ತಾನೆ. ನಮ್ಮ ಮನೆಯ ಕಿರಿಯ ಹೆಣ್ಣುಮಗಳು ನೇಸರಳೇ, ಅಜ್ಜಿ. ಅಂದು ನಿಮ್ಮ ಕೈಯಲ್ಲಿದ್ದದ್ದು ನಾಳೆ ಅವಳ ಕೈಯಲ್ಲಿರುತ್ತದೆ. ಅವಳು ನಿಲ್ಲಿಸುತ್ತಾಳೋ, ಮುಂದೆ ಹೇಳು ಚಿಕ್ಕವ್ವ ಎನ್ನುತ್ತಾಳೋ, ನನಗೆ ತಿಳಿಯದು.

ಇನ್ನೊಂದೇ ಮಾತು. ಆ ಅಕ್ಕನ ಹೆಸರನ್ನಾದರೂ ಕೇಳಿಡಿ. ಇಷ್ಟು ವರ್ಷ ಎಲೆ ಹಾಕಿದ್ದೇವೆ, ಊಟಕ್ಕೆ ಬಾ ಎಂದು ಒಮ್ಮೆಯೂ ಅವಳನ್ನು ಹೆಸರು ಹಿಡಿದು ಕರೆದಿಲ್ಲ.

ನಿಮ್ಮ,
ಮಾದೇವಿ