ಹಿತ್ತಲಿನಲ್ಲಿ ನೆಟ್ಟ ಕಂಬಿ

ವಯಲ್ಲಾ, ದಕ್ಷಿಣ ಆಸ್ಟ್ರೇಲಿಯ
ಭಾನುವಾರ, ಸೆಪ್ಟೆಂಬರ್ 14

ಪ್ರೀತಿಯ ಮೊರೀನ್ ಅಕ್ಕ,

ಹೇಗಿದ್ದೀಯ? ನಿನ್ನ ಮಂಡಿಯ ಆಪರೇಷನ್ ಆದಮೇಲೆ ಒಂದು ಸಾಲೂ ಬರೆಯದೆ ಇಡೀ ಚಳಿಗಾಲ ಕಳೆದುಬಿಟ್ಟೆ. ಬೈಯುವುದಿದ್ದರೆ ಬೈಯಿ, ನನಗೆ ಸಲ್ಲಬೇಕಾದದ್ದೇ. ಫೋನು ಮಾಡಬಹುದಿತ್ತು. ಆದರೆ ಈ ಮನೆಯ ಗೋಡೆಗಳು ತೆಳು, ಕೆಲ್ವಿನ್ ಸದಾ ಪಕ್ಕದ ಕೋಣೆಯಲ್ಲೇ ಇರುತ್ತಾನೆ. ಗಂಡನಿಗೆ ಕೇಳಲೆಂದು ನಗುನಗುತ್ತಾ ಮಾತಾಡಿ, ಫೋನಿಟ್ಟು ಬಚ್ಚಲಿಗೆ ಹೋಗಿ ಅಳುವುದು ನನಗೆ ಸಾಕಾಗಿದೆ.

ಅವನ ಕಾಯಿಲೆಯ ಹೆಸರು ನಿನಗೆ ಆಗಲೇ ಹೇಳಿದ್ದೆ. ನರಗಳು ಒಂದೊಂದಾಗಿ ಸಾಯುತ್ತವೆ, ಅವುಗಳ ಹಿಂದೆ ಸ್ನಾಯುಗಳು. ಔಷಧಿಯಿಲ್ಲ. ಉಕ್ಕಿನ ಕಾರ್ಖಾನೆಯಲ್ಲಿ ಮುಗಿಲೆತ್ತರದ ತೊಲೆಗಳನ್ನು ಹತ್ತಿ ಸರಪಳಿ ಬಿಗಿಯುತ್ತಿದ್ದ ಕೈಗಳು ಈಗ ಜಾಮ್ ಬಾಟಲಿಯ ಮುಚ್ಚಳದ ಮುಂದೆ ಸೋಲುತ್ತವೆ. ದಣಿಯುವಂಥ ವ್ಯಾಯಾಮ ಬೇಡವೇ ಬೇಡ, ಹೋದ ಶಕ್ತಿ ಮರಳುವುದಿಲ್ಲ ಎಂದು ಅಡಿಲೇಡಿನ ಡಾಕ್ಟರು ಬಿಡಿಸಿ ಹೇಳಿದ್ದರು. ಮನೆಗೆ ಬಂದವನೇ ಕೆಲ್ವಿನ್ ಹಿತ್ತಲಿಗೆ ಹೋಗಿ ಬೇಲಿಯ ಪಕ್ಕ ಹೆಜ್ಜೆಯಲ್ಲಿ ಜಾಗ ಅಳೆಯತೊಡಗಿದ.

"ಇಲ್ಲೊಂದು ಕಂಬಿ ಹಾಕ್ತೀನಿ. ದಿನಾ ಜೋತುಬೀಳ್ತೀನಿ. ಕೈ ಮರೆತಿರೋದನ್ನ ಮತ್ತೆ ಕಲಿಸ್ಬೇಕು, ಅಷ್ಟೆ."

"ಡಾಕ್ಟರು ಹೇಳಿದ್ದು ಕೇಳಿಸ್ಲಿಲ್ವಾ?"

"ಕೇಳಿಸ್ತು. ಕುರ್ಚೀಲಿ ಕೂತು ನಿಧಾನಕ್ಕೆ ಕರಗು ಅಂದ್ರು. ನೀನೂ ಅದನ್ನೇ ಹೇಳ್ತೀಯಾ ಡಾರ್ಲೀನ್?"

ಕೈಯಲ್ಲಿದ್ದ ಟೀ ಕಪ್ಪನ್ನು ಸಿಂಕಿಗೆ ಎಸೆದುಬಿಟ್ಟೆ ಅಕ್ಕ. ಮಾರನೆಯ ಬೆಳಿಗ್ಗೆ ಕಾರು ತೆಗೆದು ಮರದ ಅಂಗಡಿಗೆ ಹೊರಟವಳೂ ನಾನೇ. ಇನ್ನೇನು ಮಾಡಲಿ? ಬೇಡವೆನ್ನುವುದಕ್ಕೆ ಬದಲಾಗಿ ಕೊಡಲು ನನ್ನ ಬಳಿ ಏನಿತ್ತು?

ಮಗ ಟ್ರೆಂಟ್ ರಜೆ ಹಾಕಿ ಬಂದ. ನಮ್ಮ ಮಣ್ಣು ನಿನಗೆ ಗೊತ್ತಲ್ಲ, ಮೇಲೆ ಕೆಂಪು ಧೂಳು, ಮೊಳದಾಳಕ್ಕೆ ಹೋದರೆ ಸುಣ್ಣದ ಕಲ್ಲು. ಅವನು ಹಾರೆ ಹಾಕಿ ಕುಟ್ಟಿದರೆ ಕಿಡಿ ಹಾರುತ್ತಿತ್ತು. ಸದ್ದು ಕೇಳಿ ಪಕ್ಕದ ಮನೆಯ ಸ್ಟಾವ್ರೋ ಬೇಲಿಯ ಮೇಲೆ ಗದ್ದ ಊರಿ ನಿಂತರು. ಎಪ್ಪತ್ತು ದಾಟಿದ ಗ್ರೀಕ್ ಮುದುಕ, ಬಾಯಿಗೆ ಬೀಗವಿಲ್ಲ.

"ಏನೋ ಕೆಲ್ವಿನ್, ನಿನ್ನ ಈ ತೂಕಕ್ಕೆ ಇಷ್ಟು ದಪ್ಪ ಕಂಬ ಯಾಕೋ? ನಮ್ಮನೆ ಬಟ್ಟೆ ಒಣಹಾಕೋ ಹಗ್ಗ ಸಾಲ್ದಾ?"

"ಮಾತು ಸಾಕು ಮುದುಕಪ್ಪ, ಬಂದು ಕಾಂಕ್ರೀಟ್ ಕಲಸು!"

ಎಷ್ಟೋ ತಿಂಗಳ ಮೇಲೆ ಕೆಲ್ವಿನ್ ನಕ್ಕಿದ್ದ. ಸ್ಟಾವ್ರೋ ಸಲಿಕೆ ಹಿಡಿದು ಬಂದೇಬಿಟ್ಟರು. ಕೆಲ್ವಿನ್ ರಸಮಟ್ಟದ ಗುಳ್ಳೆಯ ಮೇಲೆ ಕಣ್ಣಿಟ್ಟು, "ಎಡಕ್ಕೆ ತಳ್ಳು... ಜಾಸ್ತಿ ಆಯ್ತು... ಹಾಂ, ಹಿಡಿ" ಎನ್ನುತ್ತಾ ಎರಡು ಕಂಬಗಳನ್ನೂ ನೇರ ನಿಲ್ಲಿಸಿದ. ಆ ಹೊತ್ತು ಅವನು ಹಳೆಯ ಕೆಲ್ವಿನ್ನೇ ಆಗಿದ್ದ.

ಕಂಬಿಯಾಗಬೇಕಿದ್ದ ಪೈಪು ತೂರಿಸಲು ಕಂಬಗಳಿಗೆ ತೂತು ಕೊರೆಯಬೇಕಿತ್ತು. ತಾನೇ ಕೊರೆಯುವೆನೆಂದು ಹಟ ಹಿಡಿದ. ಡ್ರಿಲ್ ಜಾರಿ ಮರವನ್ನು ಗೀರಿಕೊಂಡು ಅವನ ಮಣಿಕಟ್ಟಿನತ್ತ ಹೊರಳಿತು. ಟ್ರೆಂಟ್ ಕಿತ್ತುಕೊಂಡ.

"ಬಿಡಪ್ಪ, ಕೈ ಕತ್ತರಿಸ್ಕೋತೀಯ!"

"ನಾನಿನ್ನೂ ಸತ್ತಿಲ್ಲ ಕಣೋ!"

ಸ್ಟಾವ್ರೋ ಸಲಿಕೆಗೆ ಅಂಟಿದ ಕಾಂಕ್ರೀಟ್ ಕೆರೆಯತೊಡಗಿದರು. ಸ್ವಲ್ಪ ಹೊತ್ತಾದ ಮೇಲೆ ಕೆಲ್ವಿನ್ ತಾನೇ ಹೋಗಿ ಕಂಬಕ್ಕೆ ಭುಜ ಒತ್ತಿ ನಿಂತ. "ಕೊರಿ. ಕಂಬ ಅಲ್ಲಾಡದ ಹಾಗೆ ನಾನು ಹಿಡಿದಿರ್ತೀನಿ" ಎಂದ.

ಕಾಂಕ್ರೀಟು ಗಟ್ಟಿಯಾಗುವ ತನಕ ವಾರವಿಡೀ ಅದರ ಮುಂದೆಯೇ ಕುರ್ಚಿ ಹಾಕಿಕೊಂಡು ಕೂತಿದ್ದ, ಕೊಲ್ಲಿಯ ಗಾಳಿ ಮುಖಕ್ಕೆ ಧೂಳೆರಚಿದರೂ ಒಳಗೆ ಬರಲಿಲ್ಲ.

ನಿನ್ನೆ ಬೆಳಿಗ್ಗೆ ಹಾಲಿನ ಕ್ರೇಟಿನ ಮೇಲೆ ಹತ್ತಿ ಕಂಬಿ ಹಿಡಿದ. ಬೆರಳುಗಳು ಮಡಚಲಿಲ್ಲ. ಮತ್ತೆ ಹಿಡಿದ. ಕಂಬಿಯ ಮೇಲೆ ಅಂಗೈ ಇಟ್ಟಂತಿತ್ತೇ ಹೊರತು ಹಿಡಿದಂತಿರಲಿಲ್ಲ. "ಕಟ್ಟು" ಎಂದ. ನಾನು ಒಲ್ಲೆನೆಂದೆ. "ಕಟ್ಟೇ, ನಿನ್ನ ಕಾಲಿಗೆ ಬೀಳ್ತೀನಿ" ಎಂದ. ಆ ಮಾತನ್ನು ಅವನ ಬಾಯಲ್ಲಿ ನಾನು ಯಾವತ್ತೂ ಕೇಳಿರಲಿಲ್ಲ. ಹಳೆಯ ಹಾಸಿಗೆಬಟ್ಟೆ ಹರಿದು ಎರಡೂ ಮಣಿಕಟ್ಟುಗಳನ್ನು ಕಂಬಿಗೆ ಸುತ್ತಿ ಕಟ್ಟಿದೆ. ಅವನು ಕ್ರೇಟನ್ನು ಒದ್ದ.

ತೂಗಾಡಿದ ಅಕ್ಕ. ಕಣ್ಣು ಮುಚ್ಚಿಕೊಂಡು, ಮುಖವನ್ನು ಆಕಾಶಕ್ಕೆ ಎತ್ತಿ. ಮೇಲೇಳಲು ಪ್ರಯತ್ನಿಸಿದ, ಕತ್ತಿನ ನರಗಳು ಉಬ್ಬಿದವು, ಮೈ ಒಂದು ಬೆರಳಿನಷ್ಟೂ ಏರಲಿಲ್ಲ. ಆಮೇಲೆ ಭುಜಗಳು ಜಗ್ಗಿದವು, ಉಸಿರು ಸಿಕ್ಕಿಕೊಂಡಿತು, "ಬಿಚ್ಚು, ಬಿಚ್ಚು" ಎಂದ. ಟ್ರೆಂಟ್ ಓಡಿಬಂದು ಅವನ ಕಾಲುಗಳನ್ನು ತಬ್ಬಿ ಎತ್ತಿದ. ನಾನು ಕ್ರೇಟನ್ನು ಎಳೆದುಕೊಂಡು ಅದರ ಮೇಲೆ ನಿಂತು ಗಂಟು ಬಿಚ್ಚುತ್ತಿದ್ದೆ. ಎಳೆದಷ್ಟೂ ಗಂಟು ಬಿಗಿಯುತ್ತಲೇ ಹೋಗುತ್ತಿತ್ತು. ಅವನ ಕಣ್ಣೀರು ನನ್ನ ಭುಜದ ಮೇಲೆ ಬೀಳುತ್ತಿತ್ತು. ಕೊನೆಗೆ ಸ್ಟಾವ್ರೋ ಬೇಲಿ ಹಾರಿ ಬಂದು ಕತ್ತರಿಯಿಂದ ಬಟ್ಟೆ ಕತ್ತರಿಸಿದರು. ಮಗನ ತೋಳಲ್ಲಿ ಇಳಿದವನು ಹೇಳಿದ್ದಿಷ್ಟು: "ಕಂಬ ಗಟ್ಟಿಯಾಗಿದೆ."

ಇವತ್ತು ಅವನು ಹಿತ್ತಲ ಬಾಗಿಲನ್ನೇ ತೆಗೆದಿಲ್ಲ. ಸ್ಟಾವ್ರೋ ಬೀನ್ಸ್ ಸೂಪು ತಂದುಕೊಟ್ಟರು. ಒಂದೂ ತಮಾಷೆ ಮಾಡದೆ ಹೋದರು.

ನಿನ್ನ ಮಂಡಿ ಬೇಗ ವಾಸಿಯಾಗಲಿ. ಮೊಮ್ಮಕ್ಕಳಿಗೆ ನನ್ನ ಮುತ್ತು. ನಿನ್ನ ಮನೆಯಲ್ಲಿ ಎಲ್ಲರೂ ನೆಮ್ಮದಿಯಿಂದ ನಿದ್ರಿಸುವಂತಾಗಲಿ ಎಂದು ದೇವರನ್ನು ಕೇಳಿಕೊಳ್ಳುತ್ತೇನೆ.

ನಿನ್ನ ತಂಗಿ,
ಡಾರ್ಲೀನ್

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲಲಿಲ್ಲ. ನಿನ್ನೆ ಕೆಲ್ವಿನ್‌ನನ್ನು ಕುರ್ಚಿಯಲ್ಲಿ ಕೂರಿಸಿದ ಮೇಲೆ, ಅಪ್ಪನ ಮುಖ ನೋಡಲಾರದೆ ಟ್ರೆಂಟ್ "ನೋಡಪ್ಪ, ನೀನು ಕಟ್ಟಿದ್ದು ನನ್ನನ್ನೂ ತಡೆಯುತ್ತೆ" ಎಂದು ನೆಗೆದು ಕಂಬಿ ಹಿಡಿದ. ಗದ್ದ ಕಂಬಿ ಮುಟ್ಟುವ ಮೊದಲೇ ಅವನ ಎಡಗೈ ತಾನಾಗಿ ಬಿಚ್ಚಿಕೊಂಡಿತು. ಕೆಳಗೆ ಬಿದ್ದವನು "ಬೆವರು" ಎಂದು ನಕ್ಕು ಅಂಗೈಯನ್ನು ಚಡ್ಡಿಗೆ ಒರೆಸಿಕೊಂಡ. ಅಂಗೈ ಒಣಗಿತ್ತು ಅಕ್ಕ. ಕೆಲ್ವಿನ್‌ಗೂ ಎಡಗೈಯಿಂದಲೇ ಶುರುವಾದದ್ದು. ಕೆಲವು ಮನೆಗಳಲ್ಲಿ ಇದು ತಂದೆಯಿಂದ ಮಕ್ಕಳಿಗೂ ಬರುತ್ತದೆಂದು ಡಾಕ್ಟರು ಹೇಳಿದ್ದರು. ಪರೀಕ್ಷೆ ಮಾಡಿಸೋ ಎಂದರೆ, "ತಿಳ್ಕೊಂಡು ಏನ್ ಮಾಡ್ಲಿ ಬಿಡಮ್ಮ" ಎಂದು ಟ್ರೆಂಟ್ ಮುಂದೂಡುತ್ತಾ ಬಂದಿದ್ದಾನೆ. ಅವನು ಊರಿಗೆ ಹೊರಟ ಮೇಲೆ ಕೆಲ್ವಿನ್ ಕೇಳಿದ, "ನೀನೂ ನೋಡಿದ್ಯಾ?"

"ಏನನ್ನ?" ಎಂದೆ.

ನನ್ನ ಮುಖವನ್ನೇ ಬಹಳ ಹೊತ್ತು ನೋಡಿದ. "ಏನಿಲ್ಲ" ಎಂದ.

ಮಂಡಿ ನೋವಿದ್ದರೂ ಸರಿ, ಒಮ್ಮೆ ಬಂದುಬಿಡು ಅಕ್ಕ.